ಬಲಿಪೀಠದ ಮುಂದೆ ಆಡಿದ ಮಾತು

"ಇದು ನಮ್ಮ ಬೆಡ್. ದಯವಿಟ್ಟು ಅವರನ್ನ ಏಳಿಸ್ತೀರಾ?"

ಜೆಸಿಂತಳ ದನಿ ನಡುಗುತ್ತಿತ್ತು. ಕೋಪಕ್ಕೋ, ಮೆಟ್ಟಿಲು ಹತ್ತಿ ಬಂದ ಏದುಸಿರಿಗೋ ಅವಳಿಗೇ ತಿಳಿಯಲಿಲ್ಲ. ಒಂದು ಕೈಯಲ್ಲಿ ಅತ್ತೆ ಚೌರಮ್ಮನವರ ತೋಳು, ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ಫೈಲು, ಹೆಗಲಿನಲ್ಲಿ ಮಕ್ಕಳ ನೋಟ್ ಪುಸ್ತಕ ತುಂಬಿದ ಚೀಲ.

ಹಲಸೂರಿನ ಆ ಚಿಕ್ಕ ಡಯಾಲಿಸಿಸ್ ಸೆಂಟರಿನಲ್ಲಿ ಇದ್ದದ್ದು ಆರೇ ಬೆಡ್. ನಾಲ್ಕನೆಯದರ ಮೇಲೆ ಆಗಲೇ ಒಬ್ಬ ಹಿರಿಯ ಹೆಂಗಸು ಕಾಲು ಚಾಚಿ ಒರಗಿದ್ದರು. ಪಕ್ಕದಲ್ಲಿ ನಿಂತಿದ್ದ ಅವರ ಮಗ ತಿರುಗಿ ನೋಡಿದ.

"ಮೂರು ಗಂಟೆ ಸ್ಲಾಟು ಮೇಡಂ. ನೀವು ಬಂದಿದ್ದು ಮೂರೂ ಇಪ್ಪತ್ತಕ್ಕೆ."

"ಕೋಲ್ಸ್ ಪಾರ್ಕ್ ಹತ್ರ ಆಟೋನೇ ಸಿಗ್ಲಿಲ್ಲ. ಇವರಿಗೆ ಉಸಿರು ಕಟ್ತಾ ಇದೆ, ನೋಡಿ."

"ನಾವೂ ಕೆ.ಆರ್. ಪುರದಿಂದ ಟಿನ್ ಫ್ಯಾಕ್ಟರಿ ಟ್ರಾಫಿಕ್ ದಾಟ್ಕೊಂಡು ಬಂದಿದೀವಿ. ನಮ್ಮಮ್ಮಂಗೂ ಉಸಿರು ಕಟ್ಟುತ್ತೆ."

ಜೆಸಿಂತಳ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಬೆಳಿಗ್ಗೆಯಿಂದ ನಲವತ್ತೆರಡು ಮಕ್ಕಳಿಗೆ ಪಾಠ ಹೇಳಿ, ಊಟವಿಲ್ಲದೆ ಓಡಿ ಬಂದಿದ್ದಳು. ಅಪರಿಚಿತನ ಎದುರು ಅಳುವುದು ಬೇಡವೆಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಬೆಡ್ ಮೇಲಿದ್ದ ಹೆಂಗಸು ಮೆಲ್ಲಗೆ ಎದ್ದು ಕುಳಿತರು.

"ಲೋ ಮುನಿ, ಆಯಮ್ಮನ ಕಾಲು ನೋಡೋ. ನಂದಕ್ಕಿಂತ ಊದ್ಕೊಂಡಿದೆ. ಬಾರವ್ವ, ನೀನು ಮಲೀಕೊ. ಐದು ಗಂಟೆಗೆ ಇನ್ನೊಂದು ಬೆಡ್ ಖಾಲಿ ಆಗೋವರೆಗೂ ನಾನು ಕಾಯ್ತೀನಿ, ಸಾಯಕ್ಕಿಲ್ಲ."

ಟೆಕ್ನಿಷಿಯನ್ ನಾಜಿಶ್ ಓಡಿ ಬಂದು ಒಂದೇ ಬೆಡ್ ಇಬ್ಬರಿಗೂ ಬರೆದದ್ದು ತನ್ನದೇ ತಪ್ಪೆಂದು ಒಪ್ಪಿಕೊಂಡಳು. ಮಗ ತಾಯಿಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಆಮೇಲೆ ಚೌರಮ್ಮನವರ ಇನ್ನೊಂದು ತೋಳು ಹಿಡಿದು ಬೆಡ್ ಹತ್ತಿಸಿದ.

"ಸಾರಿ," ಎಂದ, ಜೆಸಿಂತಳ ಮುಖ ನೋಡದೆ. "ಊಟ ಆಗಿಲ್ಲ ಅನ್ಸುತ್ತೆ ನಿಮ್ದು. ಕೆಳಗೆ ಹೋಗಿ ತಿಂದ್ಕೊಂಡು ಬನ್ನಿ. ಇಬ್ರನ್ನೂ ನಾನು ನೋಡ್ಕೋತೀನಿ."

ಅವಳು ಹೋಗಲಿಲ್ಲ. ಆದರೆ ಆ ಮಾತು ಅವಳೊಳಗೆ ಎಲ್ಲೋ ಹೋಗಿ ಕುಳಿತಿತು. ಅವಳ ಊಟದ ಬಗ್ಗೆ ಯಾರಾದರೂ ಕೇಳಿ ಎಷ್ಟು ವರ್ಷವಾಗಿತ್ತು...

ಅವನ ಹೆಸರು ಮುನೀಂದ್ರ. ಕೆ.ಆರ್. ಪುರ ಸ್ಟೇಷನ್ ಹತ್ತಿರ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ತಾಯಿ ಗಂಗಲಕ್ಷ್ಮಮ್ಮನಿಗೆ ಮೂತ್ರಪಿಂಡ ಕೆಟ್ಟಿದೆ ಎಂದು ತಿಳಿದ ವರ್ಷ, ನಿಶ್ಚಯವಾಗಿದ್ದ ಅವನ ಮದುವೆ ಮುರಿದುಬಿದ್ದಿತ್ತು. ರೋಗಿ ಅತ್ತೆಯಿರುವ ಮನೆಗೆ ಹೆಣ್ಣು ಕೊಡಲು ಹುಡುಗಿಯ ಕಡೆಯವರು ಒಪ್ಪಲಿಲ್ಲ. ಮೂವತ್ತಾರಾದರೂ ಅವನು ಮತ್ತೆ ಹೆಣ್ಣು ನೋಡಲು ಹೋಗಿರಲಿಲ್ಲ.

ಸೋಮವಾರ, ಬುಧವಾರ, ಶುಕ್ರವಾರ. ನಾಲ್ಕು ನಾಲ್ಕು ಗಂಟೆ. ಇಬ್ಬರು ಮುದುಕಿಯರು ಮೆಷಿನ್‌ಗಳ ಸದ್ದಿನಲ್ಲಿ ತೂಕಡಿಸುತ್ತಿದ್ದರೆ ಹೊರಗಿನ ಬೆಂಚಿನ ಮೇಲೆ ಇವರಿಬ್ಬರೂ ಕಾಯುತ್ತಿದ್ದರು. ಮೊದಮೊದಲು ಬೆಂಚಿನ ಆ ತುದಿಯಲ್ಲಿ ಒಬ್ಬರು, ಈ ತುದಿಯಲ್ಲಿ ಒಬ್ಬರು. ಜೆಸಿಂತ ನೋಟ್ ಪುಸ್ತಕ ತಿದ್ದುವಳು. ಮುನೀಂದ್ರ ಫೋನಿನಲ್ಲಿ ಗಿರಾಕಿಗಳ ಬೈಗುಳ ಕೇಳುವನು.

ಒಂದು ಶುಕ್ರವಾರ ಅವನು ಬೇಕರಿಯಿಂದ ಎರಡು ಚಿಕನ್ ಪಫ್ ತಂದ.

"ಬೇಡ. ಇದು ತಪಸ್ಸುಕಾಲ. ಶುಕ್ರವಾರ ಮಾಂಸ ತಿನ್ನಲ್ಲ," ಎಂದಳು ಜೆಸಿಂತ.

"ಅದೇನದು ತಪಸ್ಸುಕಾಲ?"

"ಈಸ್ಟರ್‌ಗೆ ಮುಂಚೆ ನಲವತ್ತು ದಿನ. ಯೇಸುಸ್ವಾಮಿಯ ಕಷ್ಟ ನೆನೆಸ್ಕೊಂಡು ಉಪವಾಸ ಇರ್ತೀವಿ."

ಅವನು ಕೈಯಲ್ಲಿದ್ದ ಪಫ್ ನೋಡಿದ, ಅವಳನ್ನು ನೋಡಿದ. ಎರಡನ್ನೂ ಒಳಗೆ ಹೋಗಿ ನಾಜಿಶಳಿಗೆ ಕೊಟ್ಟುಬಂದ. ಮುಂದಿನ ಶುಕ್ರವಾರ ಕಾಗದದ ಪೊಟ್ಟಣದಲ್ಲಿ ಬೇಯಿಸಿದ ಕಡಲೆಕಾಯಿ ತಂದ. ಅವಳು ನಕ್ಕು, ಸುಲಿದು ಅವನಿಗೂ ಕೊಟ್ಟಳು. ಆ ನಗು ನೋಡಿ ಅವನು ಮನೆಗೆ ಹೋಗುವಾಗ ಬೈಯಪ್ಪನಹಳ್ಳಿ ತಿರುವನ್ನೇ ತಪ್ಪಿಸಿಕೊಂಡ.

ಆದರೆ ಅವಳ ಕೊರಳಲ್ಲಿ ತಾಳಿಯಿತ್ತು. ಚಿನ್ನದ ಪುಟ್ಟ ಶಿಲುಬೆಯಿದ್ದ ತಾಳಿ. ಅದನ್ನು ನೋಡಿದಾಗೆಲ್ಲ ಮುನೀಂದ್ರ ಬೆಂಚಿನ ತುದಿಗೆ ಸರಿದು ಕೂರುತ್ತಿದ್ದ.

ಒಂದು ದಿನ ಕೇಳಿಯೇಬಿಟ್ಟ. "ನಿಮ್ಮ ಯಜಮಾನ್ರು ಒಂದು ದಿನಾನೂ ಬರ್ಲಿಲ್ಲ..."

ಜೆಸಿಂತ ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

"ಕುವೈತ್‌ಗೆ ಹೋದ್ರು. ಮದುವೆಯಾಗಿ ಹತ್ತೊಂಬತ್ತು ದಿನಕ್ಕೆ. ಆಮೇಲೆ ಬರ್ಲಿಲ್ಲ. ಎರಡು ವರ್ಷ ಆದ್ಮೇಲೆ ಡೈವೋರ್ಸ್ ಪೇಪರ್ ಬಂತು. ಕೋರ್ಟಲ್ಲಿ ಆಗೋಯ್ತು. ಎಂಟು ವರ್ಷ ಆಯ್ತು ಈಗ ಮದುವೆಯಾಗಿ."

"ಮತ್ತೆ ಅವರಮ್ಮನ್ನ ನೀವು..."

"ಅವರಿಗಿನ್ಯಾರಿದ್ದಾರೆ? ಅವರನ್ನೂ ಬಿಟ್ಟೇ ಅಲ್ವಾ ಹೋಗಿದ್ದು. ನಮ್ಮಪ್ಪ ಅಮ್ಮ ಮೊದಲೇ ತೀರ್ಕೊಂಡಿದ್ರು. ಒಂದು ದಿನ ಅತ್ತೆ ನನ್ನ ಕೈ ಹಿಡ್ಕೊಂಡು 'ನೀನೂ ಹೋಗ್ಬಿಡ್ಬೇಡ ಜೆಸಿ' ಅಂದ್ರು. ಇದ್ಬಿಟ್ಟೆ."

"ಡೈವೋರ್ಸ್ ಆಗಿದ್ರೂ ತಾಳಿ?"

"ಕೋರ್ಟು ಬಿಡಿಸಿದ್ದು. ಚರ್ಚು ಬಿಡಿಸಿಲ್ಲ. ನಮ್ಮಲ್ಲಿ ಮದುವೆ ಅನ್ನೋದು ಒಂದು ಸಂಸ್ಕಾರ. ಬಲಿಪೀಠದ ಮುಂದೆ ನಿಂತು ಸಾಯೋವರೆಗೂ ಅಂತ ಹೇಳಿದೀನಿ. ಅವರು ಸುಳ್ಳು ಹೇಳಿರ್ಬಹುದು. ನಾನು ಹೇಳಿರ್ಲಿಲ್ಲ."

ಅವಳ ಜೊತೆ ಕೆಲಸ ಮಾಡುವ ಉಮಾಶ್ರೀ ಟೀಚರ್ ಇದನ್ನು ಕೇಳಿ ಎಷ್ಟೋ ಸಲ ಹಣೆ ಚಚ್ಚಿಕೊಂಡಿದ್ದರು. ಈ ಕಾಲದಲ್ಲೂ ಹೀಗಿರ್ತಾರಾ ಎಂದು ಬೈದಿದ್ದರು. ಮುನೀಂದ್ರ ಬೈಯಲಿಲ್ಲ.

ಜುಲೈ ತಿಂಗಳಲ್ಲಿ ಗಂಗಲಕ್ಷ್ಮಮ್ಮ ತೀರಿಕೊಂಡರು. ಬೆಳಿಗ್ಗೆ ಕಾಫಿ ಕೇಳಿದವರು, ಅದು ತಣ್ಣಗಾಗುವ ಮೊದಲೇ ಹೋಗಿಬಿಟ್ಟಿದ್ದರು. ಜೆಸಿಂತ ಕೆ.ಆರ್. ಪುರದ ಅವರ ಹಳೆಯ ಮನೆಗೆ ಹೋಗಿ, ನೆರೆದಿದ್ದ ನೆಂಟರ ನಡುವೆ ಒಂದು ಮೂಲೆಯಲ್ಲಿ ನಿಂತು ಅತ್ತು ಬಂದಳು. ಮುನೀಂದ್ರನ ಹತ್ತಿರ ಮಾತಾಡಲು ಆಗಲಿಲ್ಲ.

ಇನ್ನು ಅವನು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬರಲು ಕಾರಣವೇ ಇರಲಿಲ್ಲ. ಹದಿನೈದು ದಿನ ಆ ಬೆಂಚಿನ ಮೇಲೆ ಒಬ್ಬಳೇ ಕುಳಿತಳು. 'ಇದು ತಪ್ಪು... ನಾನು ಹೀಗೆ ಕಾಯಬಾರದು' ಎಂದು ತನಗೆ ತಾನೇ ಹೇಳಿಕೊಂಡಳು. ಜಪಸರ ಹಿಡಿದರೂ ಮಣಿಗಳ ಲೆಕ್ಕ ತಪ್ಪುತ್ತಿತ್ತು.

ಹದಿನಾರನೆಯ ದಿನ ಬುಧವಾರ. ಮೂರು ಗಂಟೆಗೆ ಮುನೀಂದ್ರ ಮೆಟ್ಟಿಲು ಹತ್ತಿ ಬಂದ. ತಲೆ ಬೋಳಿಸಿದ್ದ. ಕಣ್ಣು ಗುಳಿಬಿದ್ದಿದ್ದವು.

"ಮೂರು ಗಂಟೆ ಆದ್ರೆ ಕಾಲು ಇಲ್ಲಿಗೇ ಬರುತ್ತೆ," ಎಂದ. "ಅಮ್ಮ ಇಲ್ಲ ಅಂತ ಕಾಲಿಗೆ ಗೊತ್ತಾಗ್ತಿಲ್ಲ."

ಅಂದು ಅವನು ಮೊದಲ ಸಲ ಅವಳೆದುರು ಅತ್ತ. ಅವಳು ಅವನ ಬೆನ್ನು ನೇವರಿಸಲು ಕೈ ಎತ್ತಿದವಳು ಅರ್ಧದಲ್ಲೇ ತಡೆದು, ನೀರಿನ ಬಾಟಲಿ ಮುಂದಿಟ್ಟಳು.

ಅಳು ನಿಂತ ಮೇಲೆ ಅವನು ಹೇಳಿದ. "ಅಮ್ಮ ಹೋಗೋಕೆ ಎರಡು ದಿನ ಮುಂಚೆ ಒಂದು ಮಾತು ಹೇಳಿದ್ಲು. 'ಆ ಟೀಚರಮ್ಮನ್ನ ಕೇಳ್ನೋಡೋ' ಅಂತ. ನಾನು ಕೇಳ್ತಿದೀನಿ ಜೆಸಿಂತ ಅವರೇ. ನಿಮಗೆ ಇಷ್ಟ ಇದ್ಯಾ?"

ಹೌದು ಎನ್ನಲು ನಾಲಿಗೆ ತುದಿಯವರೆಗೂ ಬಂದ ಮಾತನ್ನು ಅವಳು ಹಿಂದಕ್ಕೆ ನುಂಗಿದಳು.

"ಅದಕ್ಕೆ ನಾನು ಉತ್ತರ ಕೊಡೋ ಹಾಗಿಲ್ಲ ಮುನೀಂದ್ರ ಅವರೇ. ಈಗ ಹೇಳಿದ್ರೆ ಪಾಪ ಆಗುತ್ತೆ. ಚರ್ಚಿನ ನ್ಯಾಯಮಂಡಳಿ ಅಂತ ಇದೆ. ಆ ಮದುವೆ ಶುರುವಿನಿಂದಲೇ ನಿಜವಾದ ಮದುವೆ ಆಗಿರ್ಲಿಲ್ಲ ಅಂತ ಅವರಿಗೆ ಖಾತ್ರಿಯಾದ್ರೆ, ರದ್ದು ಅಂತ ತೀರ್ಪು ಕೊಡ್ತಾರೆ. ನಾನು ಅರ್ಜಿ ಹಾಕ್ತೀನಿ. ಅಲ್ಲೀವರೆಗೆ ನನ್ನನ್ನ ಏನೂ ಕೇಳ್ಬೇಡಿ."

"ನಾನು ನಿಮ್ಮ ಮತಕ್ಕೆ ಸೇರ್ಬೇಕಾ?"

"ಬೇಡ. ಅದಕ್ಕೆ ಬೇರೆ ಅನುಮತಿ ಇದೆ. ನೀವು ನಿಮ್ಮ ಹಾಗೇ ಇರಿ."

"ಎಷ್ಟು ದಿನ ಆಗುತ್ತೆ?"

"ಒಂದು ವರ್ಷ ಆಗ್ಬಹುದು."

"ಸರಿ," ಎಂದ ಮುನೀಂದ್ರ. ಆಮೇಲೂ ಮೂರು ಗಂಟೆಗೆ ಬರುವುದನ್ನು ನಿಲ್ಲಿಸಲಿಲ್ಲ.

ಅವಳ ಚರ್ಚಿನ ಗುರುಗಳಾದ ಫಾದರ್ ಇನ್ನಾಸಪ್ಪ ಅರ್ಜಿ ಬರೆಯಲು ನೆರವಾದರು. ಬಿಟ್ಟುಹೋಗಿ ಕುವೈತ್‌ನಲ್ಲಿದ್ದ ಗಂಡ ವಿಕ್ಟರ್‌ಗೆ ಮೂರು ಪತ್ರ ಹೋದವು. ಒಂದಕ್ಕೂ ಉತ್ತರ ಬರಲಿಲ್ಲ. ಜೆಸಿಂತ ತನ್ನ ಹೇಳಿಕೆ ಕೊಟ್ಟಳು. ಹತ್ತೊಂಬತ್ತು ದಿನಗಳಲ್ಲಿ ಅವನು ತನ್ನ ಜೊತೆ ಆಡಿದ ಮಾತುಗಳನ್ನು ನೆನಪಿಸಿಕೊಂಡು ಹೇಳಲು ಹೋದರೆ, ಒಂದು ಪುಟವೂ ತುಂಬಲಿಲ್ಲ. ಸಾಕ್ಷಿಯಾಗಿ ಉಳಿದವರು ಚೌರಮ್ಮ ಒಬ್ಬರೇ. ಅವರನ್ನು ಪ್ರತ್ಯೇಕವಾಗಿ ಕರೆಸಿ ಮುಚ್ಚಿದ ಕೋಣೆಯಲ್ಲಿ ಕೇಳಿದರು.

ಹದಿನಾಲ್ಕು ತಿಂಗಳ ನಂತರ ತೀರ್ಪು ಬಂತು. ವಿವಾಹ ಅಸಿಂಧು ಎನ್ನಲು ಸಾಕಷ್ಟು ಸಾಕ್ಷ್ಯವಿಲ್ಲ.

ಹಲಸೂರು ಮೆಟ್ರೋ ನಿಲ್ದಾಣದ ಕೆಳಗೆ, ಸಂಜೆಯ ಜನಜಂಗುಳಿಯ ನಡುವೆ ನಿಂತು ಜೆಸಿಂತ ಅದನ್ನು ಮುನೀಂದ್ರನಿಗೆ ಹೇಳಿದಳು.

ಅವನು ತಡೆದು ತಡೆದು ಮಾತಾಡಿದ. "ಕಾನೂನು ಪ್ರಕಾರ ನೀವು ಒಂಟಿ. ರಿಜಿಸ್ಟ್ರಾರ್ ಆಫೀಸ್‌ಗೆ ಹೋಗೋಣ. ನೀವು ಚರ್ಚಿಗೆ ಹೋಗೋದನ್ನ ನಾನು ಯಾವತ್ತೂ ತಡೆಯಲ್ಲ."

"ಹೋಗ್ಬಹುದು. ಆದ್ರೆ ಚರ್ಚಿನ ಲೆಕ್ಕದಲ್ಲಿ ಆ ಮದುವೆ ಪಾಪ, ಪೂಜೇಲಿ ಗುರುಗಳು ಕೊಡೋ ರೊಟ್ಟಿ, ಪರಮಪ್ರಸಾದ, ತಗೊಳೋಕಾಗಲ್ಲ. ಎಲ್ರೂ ಎದ್ದು ಸಾಲಲ್ಲಿ ಹೋಗುವಾಗ ನಾನು ಕೂತಿರ್ಬೇಕು, ಸಾಯೋವರೆಗೂ."

"ತಪ್ಪು ಮಾಡಿದವನು ಅವನು. ಶಿಕ್ಷೆ ನಿಮಗೆ ಯಾಕೆ?"

"ಗೊತ್ತಿಲ್ಲ. ನಾನೂ ದೇವರನ್ನ ದಿನಾ ಅದನ್ನೇ ಕೇಳ್ತೀನಿ."

"ಒಂದೇ ಒಂದು ಸಲ ಹೇಳಿ ಜೆಸಿಂತ. ನಾನು ನಿಮಗೆ ಬೇಕಾ, ಬೇಡ್ವಾ?"

ಅವಳು ತಲೆ ತಗ್ಗಿಸಿದಳು. ಹೇಳಿದರೆ ತಾನು ಅಲ್ಲಿಂದ ಮನೆಗೆ ವಾಪಸು ಹೋಗಲಾರೆ ಎಂದು ಅವಳಿಗೆ ಗೊತ್ತಿತ್ತು. ಆ ಮೌನವನ್ನು ಅವನು ಬೇರೆಯೇ ಆಗಿ ಓದಿಕೊಂಡ.

ಆದರೂ ಅವನು ಸೋಲೊಪ್ಪಲಿಲ್ಲ. ಮರುದಿನ ಬೆಳಿಗ್ಗೆ ಜೆಸಿಂತ ಶಾಲೆಗೆ ಹೋಗಿರುವ ಹೊತ್ತಿನಲ್ಲಿ ಪುಲಿಕೇಶಿನಗರದ ಅವಳ ಎರಡು ಕೋಣೆಯ ಮನೆಯ ಬಾಗಿಲು ತಟ್ಟಿದ.

"ಅಮ್ಮ, ನಿಮ್ಮನ್ನ ನಮ್ಮನೇಲೇ ಇಟ್ಕೋತೀನಿ. ನಮ್ಮಮ್ಮನ ಕೋಣೆ ಖಾಲಿ ಇದೆ. ನೀವು ಒಂದು ಮಾತು ಹೇಳಿದ್ರೆ ಅವರು ಕೇಳ್ತಾರೆ."

ಚೌರಮ್ಮ ಮಂಚದ ಅಂಚು ಹಿಡಿದು ಕುಳಿತಿದ್ದರು. ಅವನ ಮಾತು ನಿಜವೆಂದು ಅವರಿಗೆ ತಿಳಿಯುತ್ತಿತ್ತು. ಆದರೆ ಹೆತ್ತ ಮಗನೇ ಬಿಟ್ಟುಹೋದವರಿಗೆ, ಬೇರೆಯವರ ಮಗ ಇಟ್ಟುಕೊಳ್ಳುತ್ತಾನೆಂದರೆ ನಂಬಿಕೆ ಬರುವುದಾದರೂ ಹೇಗೆ? ಜೆಸಿ ಹೋದರೆ... ಆ ಭಯ ಅವರ ಬಾಯಿಂದ ಮಾತು ಹೊರಡಿಸಿತು.

"ನೀನು ಒಳ್ಳೇವನು ಕಣಪ್ಪ. ಆದ್ರೆ ಅವಳು ವಿಕ್ಟರ್‌ಗೆ ಕಾಯ್ತಿದ್ದಾಳೆ. ದಿನಾ ಜಪಸರ ಮಾಡೋದು ಅವನು ವಾಪಸ್ ಬರ್ಲಿ ಅಂತಾನೇ. ನಿನ್ನ ಮುಖದ ಮೇಲೆ ಹೇಳೋಕೆ ಸಂಕೋಚ ಅವಳಿಗೆ. ಬಿಟ್ಬಿಡು ಅವಳನ್ನ."

ಮುನೀಂದ್ರ ಎದ್ದು ನಿಂತ. ನಿನ್ನೆಯ ಮೌನಕ್ಕೆ ಈಗ ಅರ್ಥ ಸಿಕ್ಕಿತ್ತು. ಚೌರಮ್ಮನಿಗೆ ಕೈಮುಗಿದು ಹೊರಟುಹೋದ.

ಅದಾದ ಮೇಲೆ ಅವನು ಫೋನ್ ಎತ್ತಲಿಲ್ಲ. ಮೂರು ಗಂಟೆಗೆ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಲಿಲ್ಲ.

'ತೀರ್ಪು ಬಂದ ಕೂಡಲೇ ಬೇಡವಾದೆನೇ?' ಎಂದುಕೊಂಡಳು ಜೆಸಿಂತ. 'ಇರಲಿ. ಅವರಿಗೂ ಒಂದು ಬದುಕು ಬೇಕಲ್ಲ...' ಹಾಗೆ ಅಂದುಕೊಂಡ ದಿನ ಅವಳು ಮಕ್ಕಳ ಪುಸ್ತಕದಲ್ಲಿ ಸರಿ ಇದ್ದ ಲೆಕ್ಕಗಳಿಗೆಲ್ಲ ತಪ್ಪು ಗುರುತು ಹಾಕಿ, ಮರುದಿನ ಕೂತು ತಿದ್ದಿದಳು. ಚೌರಮ್ಮ ಅದನ್ನು ನೋಡುತ್ತಿದ್ದರು. ಚರ್ಚಿನ ಬೆಳಗಿನ ಪೂಜೆಗೆ ಹೋಗುವಾಗ ಸೊಸೆಯ ಕಣ್ಣು ಊದಿರುವುದನ್ನೂ ನೋಡುತ್ತಿದ್ದರು. ಏನೂ ಹೇಳಲಿಲ್ಲ.

ಐದು ತಿಂಗಳು ಕಳೆಯಿತು. ಮತ್ತೆ ತಪಸ್ಸುಕಾಲ ಬಂತು.

ಚೌರಮ್ಮನ ಹೃದಯ ಈಗ ದುರ್ಬಲವಾಗಿತ್ತು. ಡಯಾಲಿಸಿಸ್ ನಡುವೆಯೇ ರಕ್ತದೊತ್ತಡ ಇಳಿಯುತ್ತಿತ್ತು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಜೆಸಿಂತಳಿಗೆ ಹೇಳಿದ್ದರು. ತಿಂಗಳ ಮೊದಲ ಶುಕ್ರವಾರ ಫಾದರ್ ಇನ್ನಾಸಪ್ಪ ರೋಗಿಗಳಿಗೆ ಪರಮಪ್ರಸಾದ ಕೊಡಲು ಮನೆಮನೆಗೆ ಬರುವ ವಾಡಿಕೆ. ಜೆಸಿಂತ ಅಂದು ಶಾಲೆಗೆ ರಜೆ ಹಾಕಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೇಣದಬತ್ತಿ ಹಚ್ಚಿದ್ದಳು.

ಚೌರಮ್ಮ ಬಾಯಿ ತೆರೆಯಲಿಲ್ಲ. "ಬೇಡ ಸ್ವಾಮಿ," ಎಂದರು. "ನನಗೆ ಯೋಗ್ಯತೆ ಇಲ್ಲ."

"ಪಾಪನಿವೇದನೆ ಮಾಡ್ತೀರಾಮ್ಮಾ? ಜೆಸಿಂತ ಹೊರಗಿರ್ತಾಳೆ."

"ಇಲ್ಲ. ನಿಮ್ಮ ಕಿವೀಲಿ ಹೇಳಿದ್ರೆ ಅದು ನಿಮ್ಮಲ್ಲೇ ಉಳಿದುಬಿಡುತ್ತೆ. ಇದು ಅವಳಿಗೆ ಸೇರಿದ ಮಾತು. ಅವಳೂ ಕೇಳ್ಲಿ."

ಅವರು ಜೆಸಿಂತಳ ಕಡೆ ನೋಡದೆ, ಉರಿಯುತ್ತಿದ್ದ ಮೇಣದಬತ್ತಿಯ ಕಡೆ ನೋಡುತ್ತ ಹೇಳಿದರು.

"ಮದುವೆ ಹಿಂದಿನ ಸಂಜೆ ವಿಕ್ಟರ್ ನನ್ನ ಹತ್ರ ಬಂದ. ಕುವೈತಲ್ಲಿ ಒಬ್ಬಳು ಇದಾಳೆ, ಅವಳ ಜೊತೆ ಸಂಸಾರ ಮಾಡ್ತಿದೀನಿ, ಈ ಮದುವೆ ಬೇಡ ಅಂದ. ನಾನು... ನಾನು ಇಲಿ ಪಾಷಾಣ ತಂದು ಎದುರಿಗಿಟ್ಕೊಂಡು ಕೂತೆ. ನಾಳೆ ನೀನು ಚರ್ಚಿಗೆ ಬರ್ಲಿಲ್ಲ ಅಂದ್ರೆ ತಿಂತೀನಿ ಅಂದೆ. 'ನಿನಗೋಸ್ಕರ ಬಂದು ನಿಂತ್ಕೋತೀನಿ, ಬಾಯಲ್ಲಿ ಮಾತ್ರ ಹೌದು ಅಂತೀನಿ, ಆಮೇಲೆ ಹೋಗ್ತೀನಿ, ಬರಲ್ಲ' ಅಂತ ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ. ತಾಳಿ ಬಿದ್ರೆ ಎಲ್ಲಾ ಸರಿಹೋಗುತ್ತೆ ಅಂತ ನಾನು ಅಂದ್ಕೊಂಡೆ."

ಚೌರಮ್ಮ ಸೆರಗಿನಿಂದ ಬಾಯೊರೆಸಿಕೊಂಡು ಮುಂದುವರಿಸಿದರು.

"ಚರ್ಚಿನವರು ಕೇಳಿದಾಗ, ಮಗ ಇಷ್ಟಪಟ್ಟೇ ಆದ ಅಂದೆ. ಬೈಬಲ್ ಮೇಲೆ ಕೈಯಿಟ್ಟು ಹೇಳಿದೆ. ನಿಜ ಹೇಳಿದ್ರೆ ಇವಳು ಬಿಡುಗಡೆಯಾಗಿ ಹೋಗ್ತಾಳೆ, ನಾನು ಒಬ್ಬಳೇ ಸಾಯ್ತೀನಿ ಅಂತ. ಆ ಹುಡುಗ ಮನೆಗೆ ಬಂದಿದ್ದ ಜೆಸಿ. ನಿನ್ನನ್ನ ಕೊಡಿ ಅಂತ ನನ್ನ ಹತ್ರ ಬೇಡ್ಕೊಂಡ. ನೀನು ವಿಕ್ಟರ್‌ಗೆ ಕಾಯ್ತಿದೀಯ ಅಂತ ಹೇಳಿ ಕಳಿಸ್ಬಿಟ್ಟೆ."

ಜೆಸಿಂತ ಎದ್ದು ಹೊರಗೆ ಹೋದಳು. ಚಪ್ಪಲಿ ಹಾಕಿಕೊಂಡಿದ್ದೂ ನೆನಪಿಲ್ಲ. ಮಸೀದಿ ರಸ್ತೆ ದಾಟಿ, ಎಲ್ಲೆಲ್ಲೋ ನಡೆದು, ಕೊನೆಗೆ ತನ್ನ ಮದುವೆಯಾದ ಚರ್ಚಿನಲ್ಲೇ ಹೋಗಿ ಕುಳಿತಳು. ಮಧ್ಯಾಹ್ನದ ಬಿಸಿಲಿಗೆ ಒಳಗೆ ಯಾರೂ ಇರಲಿಲ್ಲ.

ಹತ್ತು ವರ್ಷ. ಆ ಬಲಿಪೀಠದ ಮುಂದೆ ಅವಳು ನಿಜ ನುಡಿಯುತ್ತಿದ್ದಾಗ ಪಕ್ಕದಲ್ಲಿ ನಿಂತವನ ಮನಸ್ಸಿನಲ್ಲಿ ಏನಿತ್ತೆಂದು ಮೊದಲ ಸಾಲಿನಲ್ಲಿ ಕುಳಿತಿದ್ದ ಅತ್ತೆಗೆ ಗೊತ್ತಿತ್ತು. ತಾನು ಅವರ ಕಾಲು ಒತ್ತಿದ್ದು, ಅವರಿಗೆ ನೀರು ಅಳೆದು ಕೊಟ್ಟದ್ದು, ಅವರ ಜ್ವರಕ್ಕೆ ಎದ್ದು ಕುಳಿತದ್ದು... ಅಷ್ಟೂ ದಿನ ಅವರಿಗೆ ಗೊತ್ತಿತ್ತು.

'ಸ್ವಾಮಿ, ಇವರನ್ನು ಕ್ಷಮಿಸು ಅಂತ ನನ್ನನ್ನು ಈಗ ಕೇಳಬೇಡ,' ಎಂದಳು. 'ಈಗ ಆಗಲ್ಲ.'

ಜೋರಾಗಿ ಅತ್ತಳು. ಅತ್ತು ಮುಗಿದ ಮೇಲೆ ಗಡಿಯಾರ ನೋಡಿದಳು. ಎರಡೂ ಕಾಲು. ಶುಕ್ರವಾರ. ಮೂರು ಗಂಟೆಗೆ ಡಯಾಲಿಸಿಸ್ ಇತ್ತು.

ಅವಳು ಮನೆಗೆ ಹೋಗಿ, ಗಂಜಿ ಕಾಯಿಸಿ, ಮಾತಿಲ್ಲದೆ ಅತ್ತೆಗೆ ಕುಡಿಸಿದಳು. ಸೀರೆ ಸರಿಮಾಡಿ, ಆಟೋ ಕರೆದು ಹಲಸೂರಿಗೆ ಕರೆದೊಯ್ದಳು. ದಾರಿಯುದ್ದಕ್ಕೂ ಚೌರಮ್ಮ ಅಳುತ್ತಿದ್ದರು. ಜೆಸಿಂತ ಅವರ ಕಡೆ ನೋಡಲಿಲ್ಲ. ಆದರೆ ರಸ್ತೆಯ ಉಬ್ಬು ಬಂದಾಗ ಅವರ ಬೆನ್ನಿಗೆ ಕೈ ಕೊಟ್ಟು ಹಿಡಿದಳು.

ಎರಡು ವಾರದಲ್ಲಿ ನ್ಯಾಯಮಂಡಳಿಯಿಂದ ಒಬ್ಬ ಗುರುಗಳೂ ಬರೆದುಕೊಳ್ಳುವವರೊಬ್ಬರೂ ಮನೆಗೇ ಬಂದರು. ಹೊಸ ಸಾಕ್ಷ್ಯವಿದ್ದರೆ ಪ್ರಕರಣ ಮತ್ತೆ ತೆರೆಯಬಹುದಿತ್ತು. ಚೌರಮ್ಮ ಎಲ್ಲವನ್ನೂ ಹೇಳಿ, ರುಜು ಹಾಕಿದರು. ಹಿಂದೆ ಸುಳ್ಳು ಹೇಳಿದ್ದನ್ನೂ ಬರೆಸಿದರು. ಅವರು ಹೋದ ಮೇಲೆ ಸೊಸೆಯನ್ನು ಕರೆದರು.

"ಈಗಲಾದ್ರೂ ಹೋಗು ಜೆಸಿ. ಆ ಹುಡುಗನ ಹತ್ರ ಹೋಗಿ ಹೇಳು."

"ತೀರ್ಪು ಬಂದಿಲ್ಲ ಅತ್ತೆ. ಅದಕ್ಕೆ ಮುಂಚೆ ಹೋಗೋ ಹಕ್ಕು ನನಗಿಲ್ಲ."

"ಅವನು ಬೇರೆ ಮದುವೆ ಮಾಡ್ಕೊಂಡ್ಬಿಟ್ರೆ?"

ಜೆಸಿಂತ ಮಾತ್ರೆ ಎಣಿಸುತ್ತಿದ್ದ ಕೈ ನಿಲ್ಲಿಸಿದಳು. "ಹಾಗಾದ್ರೆ ಅವರು ಚೆನ್ನಾಗಿರ್ಲಿ," ಎಂದಳು. ಮಾತ್ರೆಗಳನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದಳು.

ಚೌರಮ್ಮ ಜುಲೈ ಕೊನೆಯಲ್ಲಿ ತೀರಿಕೊಂಡರು. ಹಿಂದಿನ ದಿನ ಗುರುಗಳಿಂದ ಹಣೆಗೆ ಪವಿತ್ರ ತೈಲದ ಅಭ್ಯಂಗ ಪಡೆದು, ಪರಮಪ್ರಸಾದ ಸ್ವೀಕರಿಸಿದ್ದರು. ಜೆಸಿಂತಳ ಕೈ ಹಿಡಿದುಕೊಂಡು, "ಕ್ಷಮಿಸಿದೆ ಅಂತ ಹೇಳೇ," ಎಂದು ಕೇಳಿದ್ದರು.

ಜೆಸಿಂತ ಅವರ ಹೊದಿಕೆ ಸರಿಮಾಡಿದಳು. ಆಮೇಲೆ, "ಹೇಳ್ತಾ ಇದೀನಿ ಅತ್ತೆ. ಮನಸ್ಸು ಇನ್ನೂ ಹಿಂದೆ ಇದೆ. ನಿಧಾನಕ್ಕೆ ಬರುತ್ತೆ. ಬಾಯಿ ಮೊದಲು ಹೇಳ್ಲಿ. ಕ್ಷಮಿಸಿದೀನಿ," ಎಂದಳು.

ಅಷ್ಟು ಸಾಕಾಯಿತು ಆ ಮುದುಕಿಗೆ. ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡು ನಿದ್ದೆ ಹೋದರು. ಬೆಳಿಗ್ಗೆ ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆ ದೊಡ್ಡದಾಗಿ ಕಂಡಿತು. ಸೋಮ, ಬುಧ, ಶುಕ್ರವಾರ ಶಾಲೆ ಬಿಟ್ಟ ಮೇಲೆ ಏನು ಮಾಡಬೇಕೆಂದು ಜೆಸಿಂತಳಿಗೆ ತಿಳಿಯುತ್ತಿರಲಿಲ್ಲ. ಸಿಟ್ಟು ಇನ್ನೂ ಇತ್ತು. ಅದರ ಜೊತೆಗೇ, ಖಾಲಿ ಮಂಚ ನೋಡಿದರೆ ತಡೆಯಲಾಗದಷ್ಟು ದುಃಖವೂ ಇತ್ತು.

ಇಪ್ಪತ್ತಮೂರನೆಯ ದಿನ ಫಾದರ್ ಇನ್ನಾಸಪ್ಪ ಒಂದು ಲಕೋಟೆ ಹಿಡಿದು ಬಂದರು. "ಆ ವಿವಾಹ ಅಸಿಂಧು ಅಂತ ತೀರ್ಪಾಗಿದೆ ಮಗಳೇ. ನೀನು ಸ್ವತಂತ್ರಳು."

ಅವಳು ಕನ್ನಡಿಯ ಮುಂದೆ ನಿಂತು ತಾಳಿ ಬಿಚ್ಚಿದಳು. ಸಂತೋಷವಾಗಬೇಕಿತ್ತು. ಕೊರಳು ಹಗುರವಾದದ್ದಕ್ಕೆ ಅಳು ಬಂತು. ಹತ್ತು ವರ್ಷ ತಾನು ಕಾಯ್ದುಕೊಂಡು ಬಂದದ್ದು ಇರಲೇ ಇಲ್ಲ ಎಂದರೆ... ಆ ಹತ್ತು ವರ್ಷಗಳನ್ನು ಎಲ್ಲಿಡುವುದು? ಐದಾರು ದಿನ ಅವಳು ಶಾಲೆಗೆ ಬಿಟ್ಟರೆ ಬೇರೆಲ್ಲಿಗೂ ಹೋಗಲಿಲ್ಲ. ಮುನೀಂದ್ರನಿಗೆ ಹೆಣ್ಣು ನೋಡುತ್ತಿದ್ದಾರಂತೆ ಎಂದು ನಾಜಿಶ್ ಎಂದೋ ಹೇಳಿದ್ದು ಕಿವಿಯಲ್ಲಿತ್ತು.

ಶನಿವಾರ ಮಧ್ಯಾಹ್ನ, ಅರ್ಧ ದಿನದ ಶಾಲೆ ಮುಗಿಸಿ, ಅವಳು ಮನೆಗೆ ಹೋಗದೆ ಕೆ.ಆರ್. ಪುರದ ಬಸ್ ಹತ್ತಿದಳು.

ಅಂಗಡಿಯಲ್ಲಿ ಮುನೀಂದ್ರ ಒಬ್ಬನೇ ಇದ್ದ. ಮಂಡಿಯ ಮೇಲೆ ಮೋಟರಿನ ಭಾಗವೊಂದನ್ನು ಇಟ್ಟುಕೊಂಡು ತಂತಿ ಸುತ್ತುತ್ತಿದ್ದ. ತಲೆ ಎತ್ತಿದವನು ಹಾಗೇ ನಿಂತುಬಿಟ್ಟ. ತಂತಿಯ ಸುರುಳಿ ಕೈಜಾರಿ ಉರುಳಿ ಬಿಚ್ಚಿಕೊಂಡಿತು.

"ಅತ್ತೆ ಹೋದ್ರು," ಎಂದಳು ಜೆಸಿಂತ.

"ಯಾವಾಗ?"

"ಒಂದು ತಿಂಗಳಾಗ್ತಾ ಬಂತು."

"ನನಗೆ ಯಾರೂ ಹೇಳ್ಲಿಲ್ಲ," ಎಂದ. ಸ್ಟೂಲು ಒರೆಸಿ ಮುಂದಿಟ್ಟ. "ಕೂತ್ಕೊಳಿ."

ಅವಳು ಕುಳಿತು ಎಲ್ಲವನ್ನೂ ಹೇಳಿದಳು. ಮದುವೆಯ ಹಿಂದಿನ ಸಂಜೆಯ ಮಾತು, ಮುಚ್ಚಿದ ಕೋಣೆಯ ಸುಳ್ಳು, ಅವನಿಗೆ ಹೇಳಿದ ಸುಳ್ಳು, ಆಮೇಲಿನ ನಿಜ. ಹೊರಗೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು.

"ಹತ್ತು ತಿಂಗಳು," ಎಂದ ಕೊನೆಗೆ. "ಹತ್ತು ತಿಂಗಳು ನಾನು ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ ಜೆಸಿಂತ. ಬಿಟ್ಟುಹೋದವನಿಗೆ ಕಾಯೋಳು ನನಗ್ಯಾಕೆ ಕಡಲೆಕಾಯಿ ಸುಲಿದು ಕೊಡ್ತಿದ್ಲು ಅಂತ."

"ನನಗೂ ಸಿಟ್ಟಿತ್ತು. ಹೇಳದೇ ಹೋದ್ರಲ್ಲ ಅಂತ."

"ನೆಂಟರು ಹುಡುಗಿ ನೋಡಿದ್ರು."

"ಆಯ್ತಾ...?"

"ಹೋಗಿ ಕೂತ್ಕೊಂಡೆ. ಆ ಹುಡುಗಿ ಕಾಫಿ ತಂದ್ಕೊಟ್ಲು. ಅವಳ ಮುಖ ನೋಡಿ ಒಂದು ಸುಳ್ಳು ನಗು ನಗೋಕೂ ಆಗ್ಲಿಲ್ಲ. ಅವಳಿಗ್ಯಾಕೆ ಮೋಸ ಮಾಡ್ಲಿ ಅಂತ ಎದ್ದು ಬಂದೆ."

ಜೆಸಿಂತ ಮುಖ ಮುಚ್ಚಿಕೊಂಡಳು. ವಿಕ್ಟರ್ ಮಾಡದೇ ಹೋದದ್ದನ್ನು, ಯಾವ ಬಲಿಪೀಠದ ಮುಂದೆಯೂ ನಿಂತಿರದ ಈ ಮನುಷ್ಯ ಮಾಡಿದ್ದ.

"ಮುನೀಂದ್ರ," ಎಂದಳು. ಮೊದಲ ಸಲ ಬರೀ ಹೆಸರು ಹಿಡಿದು ಕರೆದಿದ್ದಳು. "ಇವತ್ತು ನಾನು ಹೇಳ್ಬಹುದು. ಅದಕ್ಕೇ ಬಂದೆ. ನೀವಂದ್ರೆ ನನಗೆ ತುಂಬಾ ಇಷ್ಟ. ಅಮ್ಮ ಹೋದ್ಮೇಲೂ ನೀವು ಆ ಮೆಟ್ಟಿಲು ಹತ್ತಿ ಬಂದ್ರಲ್ಲ, ಅವತ್ತಿನಿಂದ. ಅದಕ್ಕೂ ಮುಂಚಿನಿಂದಲೋ ಏನೋ, ನನಗೆ ಗೊತ್ತಾಗ್ಲಿಲ್ಲ."

ಅವನು ಗ್ರೀಸ್ ಹತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಮತ್ತೂ ಒರೆಸಿಕೊಂಡ. ಕೊನೆಗೆ ಹಾಗೇ ಚಾಚಿದ. ಅವಳು ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಇಬ್ಬರೂ ಅತ್ತರು. ಕಳೆದುಹೋದ ವರ್ಷಗಳಿಗೆ, ಇಬ್ಬರು ಮುದುಕಿಯರಿಗೆ.

"ನಾಳೆ ಬೆಳಿಗ್ಗೆ ಅತ್ತೆಯ ಮೂವತ್ತನೇ ದಿನದ ಪೂಜೆ ಇದೆ," ಎಂದಳು ಜೆಸಿಂತ, ಕಣ್ಣೊರೆಸಿಕೊಂಡು. "ಬರ್ತೀರಾ?"

ಮುನೀಂದ್ರ ನೆಲದ ಮೇಲೆ ಬಿಚ್ಚಿಕೊಂಡಿದ್ದ ತಂತಿಯನ್ನು ಎತ್ತಿಕೊಂಡ.

"ನಾನು ಅವರ ಮೇಲೆ ಸಿಟ್ಟಲ್ಲಿದೀನಿ."

"ನಾನೂ ಅಷ್ಟೇ. ಸಿಟ್ಟಲ್ಲೇ ಬನ್ನಿ. ಅವರಿಗೋಸ್ಕರ ಬೇಡ್ಕೊಳೋಕೆ ನಮ್ಮಿಬ್ರನ್ನ ಬಿಟ್ರೆ ಇನ್ಯಾರೂ ಇಲ್ಲ."

ಅವನು ತಲೆಯಾಡಿಸಿದ. ಆಮೇಲೆ ಅಳುಕುತ್ತ ಕೇಳಿದ.

"ನನಗೆ ಅಲ್ಲಿ ಯಾವಾಗ ಏಳ್ಬೇಕು, ಯಾವಾಗ ಮಂಡಿ ಊರ್ಬೇಕು ಏನೂ ಗೊತ್ತಿಲ್ಲ. ಎಲ್ಲಿ ಕೂತ್ಕೊಳ್ಲಿ? ಹಿಂದೆನಾ?"

"ಹಿಂದೆ ಯಾಕೆ?" ಎಂದಳು ಜೆಸಿಂತ. "ನನ್ನ ಪಕ್ಕದಲ್ಲಿ."